ಕೆರೆ ತಣ್ಣಗಾಗುವ ಹೊತ್ತು

ಏಪ್ರಿಲ್ 9, 2024
ಕೊಳ್ಳೇಗಾಲದ ರೂಮು. ಫ್ಯಾನಿನಿಂದಲೂ ಬಿಸಿಗಾಳಿ. ನಾಲ್ಕನೇ ಅಧ್ಯಾಯ ಅಂತೂ ಮುಗೀತು. ಎರಡು ಬೇಸಿಗೆಯ ಡೇಟಾ ಹೇಳುವುದು ಒಂದೇ — ಊರೆಲ್ಲ ಉರಿಯುವ ಹೊತ್ತಿಗೆ ಮಧುವನಹಳ್ಳಿ ಕೆರೆ ನಾಲ್ಕು ಡಿಗ್ರಿ ತಣ್ಣಗಾಗುತ್ತದೆ. ಮಧ್ಯಾಹ್ನದ ಗಾಳಿ ತಳದ ನೀರನ್ನು ಮೇಲೆತ್ತುತ್ತದೆ, ಮೀನು ಬದುಕುತ್ತದೆ ಅಂತ ಬರೆದಿದ್ದೇನೆ. ಗೈಡ್ ಶಾಂತಮೂರ್ತಿ ಸಾರ್‌ಗೆ ಖುಷಿ. "ಇದೇ ಕಣಮ್ಮ ನಿನ್ನ ಥೀಸಿಸ್." ಮೇ 31 ಕೊನೆ ದಿನ. ಇನ್ನು ಎಕ್ಸ್‌ಟೆನ್ಶನ್ ಇಲ್ಲ.

ಏಪ್ರಿಲ್ 11
ಏಳರ ಬಸ್ ತಪ್ಪಿತು. ಕೆರೆ ತಲುಪಿದಾಗ ಹನ್ನೆರಡೂಕಾಲು. ಕೆರೆ ಕಾಯುವ ಪುಟ್ಟಮಾದಯ್ಯ ಸೊಂಟದುದ್ದ ನೀರಲ್ಲಿ. ಕೈಯಲ್ಲಿ ನನ್ನ ಲಾಗರ್ — ಅರ್ಧ ಗಂಟೆಗೊಮ್ಮೆ ನೀರಿನ ಬಿಸಿ ಬರೆದುಕೊಳ್ಳುವ ಡಬ್ಬಿ. ಗೂಟದಿಂದ ಬಿಚ್ಚಿ ಹೊಂಗೆ ಮರದ ನೆರಳಿಗೆ ಒಯ್ಯುತ್ತಿದ್ದರು.
"ಏನ್ ಮಾಡ್ತಿದ್ದೀರಿ ತಾತ?"
"ಬಿಸ್ಲಿಗೆ ಕೆಟ್ಟೋದಾತು ಅಂತ ಕಣವ್ವಾ. ದಿನಾ ಈ ಒತ್ಗೆ ನೆಳ್ಳಿನ್ ನೀರಲ್ಲಿ ಮಡಗಿ, ಸಂಜೆಗೆ ಅಲ್ಲೇ ಕಟ್ಬುಡ್ತೀನಿ. ಬಾರಿ ಬೆಲೆದು ಅಂದಿದ್ದಲ್ಲ ನೀನು. ಎಲ್ಡ್ ಬ್ಯಾಸ್ಗೆ, ಒಂದಿನ ತಪ್ಸಿಲ್ಲ. ಜರ ಬಂದಾಗ್ಲೂ ಇಳ್ದಿವ್ನಿ."
"ಒಳ್ಳೇದಾಯ್ತು ತಾತ" ಅಂದೆ.

ಏಪ್ರಿಲ್ 12
ನೀರು ಎಷ್ಟು ಕಾದರೆ ಮೀನಿನ ಮೈಯೂ ಅಷ್ಟು ಕಾಯುತ್ತದೆ. ಅದನ್ನೇ ಅಳೆಯಬೇಕಿತ್ತು. ಅಳೆದದ್ದು ಹೊಂಗೆ ನೆರಳನ್ನು. ಗಾಳಿಯ ಕಥೆ ಮೂವತ್ತೆಂಟು ಪುಟ ಕಟ್ಟಿದೆನಲ್ಲ... ಎರಡು ವರ್ಷ ಮಣ್ಣುಪಾಲು. ತಾತನನ್ನು ಬೈದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಿನ್ನೆಯ ತನಕ ಮಧ್ಯಾಹ್ನ ಒಂದು ಸಲವೂ ಕೆರೆಗೆ ಹೋಗದವಳು ನಾನು.

ಏಪ್ರಿಲ್ 19
ಇವತ್ತು ಹೋದೆ. ಒಂದು ಗಂಟೆ, ಬಯಲಿನ ನೀರು, ಕೈ ಥರ್ಮಾಮೀಟರ್. ಮೂವತ್ತೊಂಬತ್ತು ಡಿಗ್ರಿ. ದಡದಲ್ಲಿ ಗೆಂಡೆ ಮೀನಿನ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಣಿಸಲು ಹೋಗಿ ಬಿಟ್ಟೆ.
ವಾಪಸ್ ಬಸ್ಸಿನಲ್ಲಿದ್ದಾಗ ಸಾರ್ ಫೋನು. "ಮಧುಶ್ರೀ, ನಿನ್ನ ಅಧ್ಯಾಯ ನೋಡಿ ಮೀನುಗಾರಿಕೆ ಇಲಾಖೆಯವರು ಹನೂರು ಕಡೆ ಕೆರೆಗಳಿಗೂ ಈ ಬೇಸಿಗೇಲೇ ಮೀನು ಮರಿ ಬಿಡಬಹುದು ಅಂತಿದ್ದಾರೆ. ಡೇಟಾ ಎಲ್ಲ ಸರಿ ತಾನೇ?"
"ಸರಿ ಇದೆ ಸಾರ್."
ಅಷ್ಟು ಸಲೀಸಾಗಿ ಹೇಳಿಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆ.

ಏಪ್ರಿಲ್ 20, ಬೆಳಿಗ್ಗೆ 10
ನಿದ್ದೆ ಇಲ್ಲ. ಇನ್ನೊಂದು ಬೇಸಿಗೆ ಅಳೆಯಬೇಕು, ಆದರೆ ಫೆಲೋಶಿಪ್ ಮುಗಿದಿದೆ. ಪಿಎಚ್‌ಡಿ ಕೈತಪ್ಪಿತು ಅಂತಲೇ ಲೆಕ್ಕ. ಮೇಲ್ ಬರೆದು ಅಳಿಸಿ, ಮತ್ತೆ ಬರೆದೆ. "ಸಾರ್, ನಿನ್ನೆ ಸುಳ್ಳು ಹೇಳಿದೆ. ಕೆರೆ ತಣ್ಣಗಾಗುವುದಿಲ್ಲ. ಮೀನು ಸಾಯುತ್ತಿವೆ. ಎಲ್ಲೂ ಮರಿ ಬಿಡಿಸಬೇಡಿ." ಕಳಿಸಿದೆ.

10.20
ಫೋನ್ ಹೊಡೆದುಕೊಳ್ಳುತ್ತಿದೆ. ಸಾರ್. ಏನಂತ ಹೇಳಲಿ, ಮೊದಲು ಲಾಗರ್ ನೆರಳಲ್ಲಿತ್ತು ಅಂತ —