ರೋಂಡಾ ಪ್ರೂಯಿಟ್, ಸಂಬಂಧ: ತಾಯಿ

ಲೈಮಾ, ಒಹಾಯೋ
ಫೆಬ್ರವರಿ 9

ಅಮ್ಮಾ,

ನೀನು ಫ್ಲೋರಿಡಾದಲ್ಲಿ ಬಿಸಿಲು ಕಾಯಿಸಿಕೊಂಡು ಚೆನ್ನಾಗಿದ್ದೀ ಅಂದುಕೊಂಡಿದ್ದೇನೆ. ಇನ್ನು ಸ್ವಲ್ಪ ದಿನ ಹಾಗೇ ಇರು.

ಹೋದ ತಿಂಗಳು ನಾನು ಕೆಲಸ ಮಾಡುವ ಟೈರ್ ಅಂಗಡಿಗೆ ಒಬ್ಬ ಬಂದ. "ಟಾರಿನ್ ಪ್ರೂಯಿಟ್ ಯಾರು?" ಅಂದ. ಕೈ ಎತ್ತಿದೆ. ಗ್ರೀಸ್ ಕೈಗೇ ಕಾಗದ ತುರುಕಿ ಹೋದ. ಮಾಲೀಕ ಬಕ್, "ಏನಮ್ಮಾ, ಲವ್ ಲೆಟರ್ರಾ?" ಅಂತ ನಕ್ಕ. ಕೋರ್ಟಿನ ನೋಟಿಸು. ಯಾವುದೋ ಅಂಗಡಿಯ ಕ್ರೆಡಿಟ್ ಕಾರ್ಡ್ ಸಾಲ, ಎರಡು ಸಾವಿರದ ಎಂಟುನೂರ ಹದಿನಾಲ್ಕು ಡಾಲರ್. ಆ ಸಾಲವನ್ನು ಅಂಗಡಿಯಿಂದ ಕೊಂಡುಕೊಂಡ ವಸೂಲಿ ಕಂಪನಿ ನನ್ನ ಮೇಲೆ ದಾವೆ ಹಾಕಿದೆ. ಇಪ್ಪತ್ತೆಂಟು ದಿನದಲ್ಲಿ ಉತ್ತರ ಕೊಡದಿದ್ದರೆ ಕೇಸು ಅವರದು, ನನ್ನ ಸಂಬಳದ ಕಾಲು ಭಾಗವೂ ಅವರದು.

ಕಾರ್ಡ್ ತೆಗೆದ ತಾರೀಖು ನೋಡಿದೆ. ಆಗ ನನಗೆ ಹದಿನಾರು ತುಂಬುತ್ತಿತ್ತು. ಬಾಡಿಗೆಗೆ ದುಡ್ಡಿಲ್ಲ ಅಂತ ನೀನು ಕಣ್ಣೀರು ಹಾಕಿದ್ದೆ, ನಾನು ಶಾಲೆ ಬಿಟ್ಟು ಬರ್ಗರ್ ಅಂಗಡಿಯ ಎಣ್ಣೆ ಬಾಣಲೆ ಮುಂದೆ ನಿಂತಿದ್ದೆ. ಅದೇ ತಿಂಗಳು, ನನ್ನ ಹೆಸರಲ್ಲಿ, ನಿನ್ನ ಡ್ವೈಟನಿಗೆ ಗೋಡೆಯಷ್ಟು ದೊಡ್ಡ ಟಿವಿ ಬಂತು.

ನನ್ನ ತಪ್ಪೂ ಒಂದಿದೆ. ಹೋದ ಬೇಸಿಗೆಯಲ್ಲಿ ವಸೂಲಿಯವಳೊಬ್ಬಳು ಫೋನ್ ಮಾಡಿ, "ಇಪ್ಪತ್ತೈದು ಡಾಲರ್ ಕಟ್ಬಿಡು ಚಿನ್ನಾ, ನಿನ್ ಒಳ್ಳೆ ಮನ್ಸು ತೋರ್ಸಿದ್ ಹಾಗಾಗತ್ತೆ" ಅಂದಳು. ಪೀಡೆ ತೊಲಗಲಿ ಅಂತ ಕಟ್ಟಿದೆ. ಈಗ ಕಂಪನಿಯ ವಕೀಲ ಅದನ್ನೇ ಹಿಡಿದಿದ್ದಾನೆ. ಸಾಲ ನಿನ್ನದಲ್ಲದಿದ್ದರೆ ಯಾಕೆ ಕಟ್ಟಿದೆ, ಅಂತ. ಕಾರ್ಡ್ ತೆಗೆದಾಗ ನಾನು ಮೈನರ್ ಅನ್ನುವ ಮಾತೂ ಆ ಇಪ್ಪತ್ತೈದರ ಜೊತೆ ಹೋಯಿತು; ದೊಡ್ಡವಳಾದ ಮೇಲೆ ಕಟ್ಟಿದರೆ ಸಾಲ ಒಪ್ಪಿಕೊಂಡ ಹಾಗಂತೆ. ಉಳಿದ ದಾರಿ ಒಂದೇ: ಹೆಸರು ಕದ್ದದ್ದು ಯಾರು ಅಂತ ಹೇಳುವುದು.

ಉತ್ತರ ಬರೆದುಕೊಡಲು ಕೋರ್ಟಿಗೆ ಹೋದರೆ, ಕಿಟಕಿಯಲ್ಲಿ ಕೂತ ಗುಮಾಸ್ತೆ ಮುದುಕಿ, "ನಾನು ಸಲಹೆ ಕೊಡೋ ಹಾಗಿಲ್ಲ ಮಗಾ. ಆದ್ರೆ ಒಂದ್ ನಂಬರೂ ಖಾಲಿ ಬಿಡ್ಬೇಡ, ಬಿಟ್ರೆ ಒಪ್ಕೊಂಡ್ ಹಾಗೆ" ಅಂದಳು. ಅವರು ನಂಬರು ಹಾಕಿ ಬರೆದಿದ್ದ ಹನ್ನೊಂದು ಆರೋಪಕ್ಕೂ "ಸುಳ್ಳು" ಅಂತ ಒತ್ತಿ ಬರೆದೆ. ಕಾಗದ ತೂತಾಯಿತು.

ಅಲ್ಲಿಂದ ಪೊಲೀಸ್ ಠಾಣೆಗೆ ಹೋದೆ. "ಯಾರ್ ಮೇಲಾದ್ರೂ ಅನುಮಾನ ಇದ್ಯಾ?" ಅಂದ ದೂರು ಬರೆದುಕೊಳ್ಳುವ ಪೊಲೀಸ. "ಅನುಮಾನ ಏನಿಲ್ಲ, ಗೊತ್ತು" ಅಂದೆ. ಹೆಸರು: ರೋಂಡಾ ಪ್ರೂಯಿಟ್. ಸಂಬಂಧ: ತಾಯಿ. ಅವನು ಪೆನ್ನು ಕೆಳಗಿಟ್ಟು, "ಮನೇಗ್ ಹೋಗಿ ಯೋಚ್ನೆ ಮಾಡು, ನಾಳೆ ಬಾ" ಅಂದ. ಎಣ್ಣೆ ಸಿಡಿದು ಸುಟ್ಟ ಕೈ ತೋರಿಸಿದೆ. ಬರೆದುಕೊಂಡ.

ಅವರು ನಿನಗೆ ಫೋನ್ ಮಾಡಿದ್ದೂ ಆಯಿತು, ನೀನು ನನಗೆ ಹನ್ನೆರಡು ಸಲ ಮಾಡಿದ್ದೂ ಆಯಿತು. "ಮನೆ ವಿಷ್ಯ ಮನೇಲೇ ಇರ್ಲಿ ಕಣೇ" ಅಂತ ನೀನು ಅಂದೆ. ಯಾವ ಮನೆ? ಟಿವಿ ಹೊತ್ತುಕೊಂಡು ನೀವಿಬ್ಬರೂ ಹೊರಟ ಮೇಲೆ ನಾನು ಬಕ್‌ನ ಗೋಡೌನಿನಲ್ಲಿ ಮಲಗಿದ್ದೆ. ಫೋನಿನಲ್ಲಿ ನಿನ್ನ ಹಿಂದಿನಿಂದ ಡ್ವೈಟ್, "ಹಾವು ಸಾಕಿದೀಯ ನೀನು!" ಅಂತ ಕಿರುಚಿದ. ನಿಮ್ಮಿಬ್ಬರನ್ನೂ ಸಾಕಿದ್ದು ಯಾರ ಸಂಬಳ ಅಂತ ಅವನನ್ನು ಕೇಳು.

ಮಾರ್ಚ್ ಹದಿನೇಳಕ್ಕೆ ವಿಚಾರಣೆ. ಸಹಿ ಇರುವ ಅರ್ಜಿ ತೋರಿಸಿ ಅಂತ ಕಂಪನಿಯನ್ನು ಕೇಳಿದ್ದೇನೆ. ನನ್ನ ಹೆಸರನ್ನು ನೀನು ಎಷ್ಟು ಚೆನ್ನಾಗಿ ಬರೆಯುತ್ತೀ, ಜಡ್ಜ್ ನೋಡಲಿ.

ಟಾರಿನ್ ಪ್ರೂಯಿಟ್
(ಈ ಸಹಿ ನಾನೇ ಹಾಕಿದ್ದು)

ತಾ.ಕ.: ಕಂಪನಿ ಕಳಿಸಿದ ಪಟ್ಟಿಯ ಕೊನೆಯಲ್ಲಿ ಒಂದು ಜೊತೆ ಹಿಮದ ಬೂಟು ಇದೆ, ಐವತ್ತೆರಡು ಡಾಲರ್. ಹದಿನಾರನೇ ಹುಟ್ಟುಹಬ್ಬಕ್ಕೆ ನೀನು ಕೊಟ್ಟಿದ್ದು. ಎರಡು ಪಾಳಿ ಹೆಚ್ಚಿಗೆ ದುಡಿದು ತಂದದ್ದು ಅಂತ ನೀನು ಹೇಳಿದ್ದೆ. ನಾನು ನಂಬಿ, ಅವತ್ತು ರಾತ್ರಿ ನಿನ್ನ ಕಾಲು ಒತ್ತಿದ್ದೆ. ನಿನ್ನೆಯವರೆಗೂ ಅದನ್ನೇ ಹಾಕುತ್ತಿದ್ದೆ. ಈ ಕಾಗದದ ಜೊತೆ ಪಾರ್ಸಲ್ ಮಾಡಿದ್ದೇನೆ. ನಿಮ್ಮ ಕಡೆ ಹಿಮ ಬೀಳಲ್ಲ, ಗೊತ್ತು. ಇಲ್ಲಿ ಇವತ್ತು ಮೊಣಕಾಲುದ್ದ ಬಿದ್ದಿದೆ.