ಇಪ್ಪತ್ತರಲ್ಲಿ ತಪ್ಪಿದ ಒಂದು ಕಾಯಿ

ಅತ್ತೆಯವರಿಗೆ ನಿಮ್ಮ ಸೊಸೆ ಗಿರಿಜೆಯ ನಮಸ್ಕಾರ. ಈ ಸಲ ಮಧ್ಯೆ ಬಾಯಿ ಹಾಕಲು ನೀವಿಲ್ಲ, ಆದ್ದರಿಂದ ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು.

ಆ ಸಂಜೆ ನೆನಪಿದೆಯಾ? ನಿಮ್ಮ ಮೊಮ್ಮಗಳು ಚಂದನಾ, ಬೇಸಿಗೆ ರಜೆಯ ಭೌತಶಾಸ್ತ್ರ ಸಂಶೋಧನೆಗೆ ಅರ್ಜಿ ತುಂಬುತ್ತಾ ನಿಮ್ಮ ಪಕ್ಕ ಕೂತಿದ್ದಳು. ಆಯ್ಕೆಯಾದರೆ ಎರಡು ತಿಂಗಳು ಮೈಸೂರಿನ ಲ್ಯಾಬಿನಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ಏನನ್ನು ಪರೀಕ್ಷಿಸುತ್ತೀಯ ಎಂಬ ಪ್ರಶ್ನೆಗೆ ಅವಳು ಬರೆದದ್ದು ನಿಮ್ಮ ಕಿವಿಯ ವಿಷಯ. ಅಟ್ಟದ ಮೇಲೆ ವರ್ಷ ಕಳೆದ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗೆ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ನೀವು ಸದ್ದಿನಲ್ಲೇ ಹೇಳುತ್ತಿದ್ದಿರಲ್ಲ, ಅದನ್ನು ಯಂತ್ರಕ್ಕೆ ಕಲಿಸುತ್ತೇನೆ ಎಂದು. "ಕಾಯಿ ಅಲ್ಲಾಡ್ಸಾಕೂ ಕಾಲೇಜು ಬೇಕೇನೇ?" ಎಂದು ನಕ್ಕಿರಿ. ಆಯ್ಕೆಯಾದ ಸುದ್ದಿ ಬರುವಷ್ಟರಲ್ಲಿ ನೀವು...

ನಾನು ಕಂದಿಕೆರೆಗೆ ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನೂ ಅಟ್ಟ ಹತ್ತಿಸಿದ್ದಿರಿ. ನಾನು ಕಾಯಿಯನ್ನು ಎರಡು ಕೈಯಲ್ಲೂ ಅವುಚಿ ಹಿಡಿದೆ. "ಕತ್ತು ಹಿಸುಕ್ದಂಗೆ ಹಿಡ್ಕೋಬ್ಯಾಡ ಕಣೇ. ಸಡ್ಲ ಬುಡು, ಅದೇ ಮಾತಾಡ್ತದೆ." ಇಪ್ಪತ್ತೆರಡು ವರ್ಷ ಇದೇ ಬೈಗುಳ. ನಾನು ಆರಿಸಿಟ್ಟ ರಾಶಿಯನ್ನು ನೀವು ಇನ್ನೊಮ್ಮೆ ಅಲ್ಲಾಡಿಸಿ ನೋಡದೆ ಒಡೆಯಲು ಬಿಟ್ಟದ್ದು ಉಂಟೇ? ಒಂದು ದಿನವಾದರೂ? "ನಿನ್ ಕಿವಿ ಇನ್ನೂ ಹಸಿ" ಎನ್ನುತ್ತಿದ್ದಿರಿ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗ ಹೇಳಿಬಿಡುತ್ತೇನೆ.

ಮೈಸೂರಿನಿಂದ ಒಂದು ಮಧ್ಯಾಹ್ನ ಚಂದನಾ ಫೋನ್ ಮಾಡಿ ಅತ್ತಳು. ಮುಗಿಯಲು ಹತ್ತೇ ದಿನ. ಒಣಗಿದ ಕಾಯಿಗೂ ನೀರಿರುವ ಕಾಯಿಗೂ ಕಂಪ್ಯೂಟರಿನಲ್ಲಿ ಸದ್ದಿನ ಗೆರೆ ಒಂದೇ ಥರ ಬರುತ್ತಿದೆ, ವಿಷಯ ಬದಲಿಸು ಎಂದಿದ್ದಾರೆ ಅವಳ ಗೈಡ್ ಮೇಡಂ. "ಅಜ್ಜಿ ಸುಮ್ನೆ ಅಂದಾಜಲ್ಲಿ ಹೇಳ್ತಿದ್ರೇನೋ ಅಮ್ಮ" ಎಂದುಬಿಟ್ಟಳು. ನನಗೆ ಎಲ್ಲಿತ್ತೋ ಸಿಟ್ಟು. ನಿಮ್ಮನ್ನು ನಾನು ಏನಾದರೂ ಅನ್ನಬಹುದು, ಬೇರೆಯವರು ಅಂದರೆ? "ಕಾಯಿ ಹೆಂಗ್ ಹಿಡ್ಕೊಂಡಿದ್ದೀಯ, ತೋರ್ಸು" ಎಂದೆ. ವಿಡಿಯೊದಲ್ಲಿ ನೋಡಿದರೆ ಕಬ್ಬಿಣದ ಹಿಡಿಕೆಗೆ ತಿರುಪು ಹಾಕಿ ಕಾಯಿಯನ್ನು ಬಿಗಿದಿದ್ದಾಳೆ. ನನ್ನ ಬಾಯಿಂದ ನಿಮ್ಮ ಮಾತೇ ಬಂತು. "ಕತ್ತು ಹಿಸುಕ್ದಂಗೆ ಹಿಡ್ಕೋಬ್ಯಾಡ ಕಣೇ."

ಮರುದಿನ ಅವಳು ಕಾಯಿಯನ್ನು ಮೊಸರಿನ ಗಡಿಗೆಯ ನೆಲುವಿನ ಹಾಗೆ ದಾರದಲ್ಲಿ ತೂಗುಹಾಕಿ ಅಲ್ಲಾಡಿಸಿದಳು. ಗೆರೆಗಳು ಬೇರೆ ಬೇರೆಯಾದವು. ಬಿಗಿ ಹಿಡಿದರೆ ಸದ್ದು ಒಳಗೇ ಸತ್ತುಹೋಗುತ್ತದಂತೆ. ಅದಕ್ಕೆ ಮೇಡಂ ಏನೋ ದೊಡ್ಡ ಹೆಸರು ಹೇಳಿದರಂತೆ. ನನಗೆ ನಿಮ್ಮ ಬೈಗುಳವೇ ಸಾಕು.

ಕೊನೆಯ ದಿನ ಮನೆಯವರನ್ನೂ ಕರೆದಿದ್ದರು. ತಿಪಟೂರಿನಲ್ಲಿ ರೈಲು ಹತ್ತಿ ಹೋದೆ. ನಮ್ಮ ಅಟ್ಟದ ಇಪ್ಪತ್ತು ಕಾಯಿಗಳನ್ನು ಹಳೆಯದು ಹೊಸದು ಬೆರೆಸಿ ನಿಮ್ಮ ಮಗ ಚೀಲಕ್ಕೆ ತುಂಬಿಕೊಟ್ಟಿದ್ದರು. ಮೇಡಂ ಒಂದೊಂದನ್ನೂ ಮೊದಲು ಯಂತ್ರಕ್ಕೆ, ಆಮೇಲೆ ನನ್ನ ಕೈಗೆ ಕೊಟ್ಟರು. ಕೊನೆಗೆ ಎಲ್ಲವನ್ನೂ ಒಡೆಸಿ ನೋಡಿದರು. ಯಂತ್ರ ಹೇಳಿದ್ದರಲ್ಲಿ ಹದಿನೇಳು ಸರಿ. ನಾನು ಹೇಳಿದ್ದರಲ್ಲಿ ಹತ್ತೊಂಬತ್ತು, ಅತ್ತೆ. ಬರುವ ಬೇಸಿಗೆಗೆ ಹೊಸ ಹುಡುಗರಿಗೆ ದಾರಿ ತೋರಿಸಲು ನೀನೇ ಬಾ ಎಂದು ಚಂದನಾಳಿಗೆ ಹೇಳಿ ಕಳಿಸಿದ್ದಾರೆ. ಅವಳ ಬಗ್ಗೆ ಹೆಮ್ಮೆ, ನಿಮ್ಮ ಬಗ್ಗೆ ಹೆಮ್ಮೆ. ಸುಳ್ಳೇಕೆ, ನನ್ನ ಬಗ್ಗೆಯೂ.

ತಪ್ಪಿದ ಆ ಒಂದು ಯಾವುದು ಎಂದು ನೀವು ಕೇಳೇ ಕೇಳುತ್ತೀರಿ. ಅದು ಒಂಬತ್ತನೆಯದು. ಅದನ್ನು ನಾನು ಕಿವಿಯ ಬಳಿ ತಂದಾಗಲೇ ಚಂದನಾ, ಇದನ್ನೆಲ್ಲ ಕಲಿಸಿದವರು ಯಾರು ಎಂದು ಅಷ್ಟು ಜನರ ಮುಂದೆ ನಿಮ್ಮ ಹೆಸರು ಹೇಳಿದಳು. ನಾನು ಕಾಯಿಯನ್ನು ಎರಡು ಕೈಯಲ್ಲೂ ಅವುಚಿ ಹಿಡಿದುಬಿಟ್ಟೆ.