ಎರಡು ಬೆರಳು ತಗ್ಗಿಸಿದ ಕಾರು

ಅಣ್ಣಾ,

ನಿನ್ನ ಹಳೇ ಸ್ಪೋರ್ಟ್ಸ್ ಕಾರನ್ನು ಇವತ್ತು ಮುಟ್ಟಬೇಡ. ಕೀ ನಾನೇ ತಗೊಂಡು ಹೋಗ್ತಿದ್ದೀನಿ, ಮನೆಯೆಲ್ಲ ಜಾಲಾಡಬೇಡ.

ಮೊನ್ನೆ ನೀನು "ಇನ್ನೂ ಎರಡು ಬೆರಳು ತಗ್ಗಿಸೇ, ಆಗ ನೋಡು ಅದರ ಗತ್ತು" ಅಂತ ಪೀಡಿಸಿದ್ದಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿಕೊಟ್ಟೆನಲ್ಲ, ಬೆಳಿಗ್ಗೆ ನೀನು ಏಳುವ ಮೊದಲು ಓಡಿಸಿ ನೋಡೋಣ ಅಂತ ಹೋದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದ ಮೇಲೆ, ಗೋಡೆಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಇಳಿದು ಬಗ್ಗಿ ನೋಡಿದೆ. ಕಾರು ತಗ್ಗಿದ್ದಕ್ಕೆ ಬ್ರೇಕಿನ ಪೈಪು ಜೋತುಬಿದ್ದು, ಟೈರಿಗೆ ಉಜ್ಜಿ ಉಜ್ಜಿ ತೂತಾಗಿದೆ. ಹತ್ತು ವರ್ಷದಿಂದ ಮೆಕ್ಯಾನಿಕ್ ನಾನು, ಅದನ್ನೇ ನೋಡಲಿಲ್ಲ. ನಿನ್ನ ಮೇಲೆ ಕೂಗಾಡೋಕೂ ನನಗೆ ಬಾಯಿಲ್ಲ.

ಹೇಗೋ ಮನೆ ತನಕ ತಳ್ಳಿಸಿಕೊಂಡು ಬಂದೆ. ಈಗ ಹೊಸ ಪೈಪು ತರೋಕೆ ಹೊರಟಿದ್ದೀನಿ. ಬಂದು ಹಳೇ ಸ್ಪ್ರಿಂಗನ್ನೇ ಹಾಕ್ತೀನಿ, ಎದುರು ಮಾತಾಡಬೇಡ.

ಬೆಳಿಗ್ಗೆ ನಾನು ಕಾರು ತೆಗೆಯುವಾಗ ನಿನ್ನ ಮಗಳು "ಅತ್ತೆ, ನಾನೂ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿ ನಿಂತಿದ್ದಳು. ಹಾಲು ಕುಡಿದು ಬಾ ಅಂತ ಒಳಗೆ ಕಳಿಸಿ, ಕಾಯದೆ ಹೊರಟುಬಿಟ್ಟಿದ್ದೆ. ಅದಕ್ಕೇ ಮುಖ ಊದಿಸಿಕೊಂಡಿದ್ದಾಳೆ. ನೀನು ಸಮಾಧಾನ ಮಾಡಬೇಡ. ನಾನು ಬರುವ ತನಕ ಹಾಗೇ ಮುನಿಸಿಕೊಂಡು ಮನೆಯಲ್ಲೇ ಕೂತಿರಲಿ.

ತಂಗಿ